ಹತ್ತನೆಯ ತರಗತಿಯ ಮಗನನ್ನು ಉಳಿದ ಎರಡೂವರೆ ತಿಂಗಳಿಗೆ ಧಾರವಾಡದ ವಸತಿ ಕೋಚಿಂಗ್‌ಗೆ ಕಳಿಸಬೇಕೇ?

ಬೆಟಗೇರಿಯ ತಾಯಿ · 5 ಜನವರಿ 2025

ಎಲ್ಲರಿಗೂ ನಮಸ್ಕಾರ. ನಾವು ಗದಗ-ಬೆಟಗೇರಿಯವರು. ನನ್ನ ಮಗ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಾನೆ. ಒಂಬತ್ತನೆಯ ತರಗತಿಯವರೆಗೆ ಓದಿನ ವಿಷಯದಲ್ಲಿ ಅವನು ನಮಗೆ ಚಿಂತೆ ಹಚ್ಚಿದವನಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ 80ಕ್ಕೆ 31 ಬಂದವು, ಅಂದಿನಿಂದ ಮನೆಯ ಕಳೆಯೇ ಹೋಗಿದೆ. ಅವರ ಅಪ್ಪ ಟಿವಿ ಕೇಬಲ್ ತೆಗೆಸಿದರು, ಮೊಬೈಲನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು, ಸಂಜೆಯ ಕ್ರಿಕೆಟ್ ಬಂದ್ ಮಾಡಿದರು. ನಾನು ಅಕ್ಕನ ಮಗಳ ಮದುವೆಗೂ ಹೋಗದೆ ಮನೆಯಲ್ಲೇ ಉಳಿದೆ. ಬಂದ ಬೀಗರೆಲ್ಲ, ಹೋದ ವರ್ಷ ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ 625ಕ್ಕೆ 625 ತೆಗೆದದ್ದನ್ನು ಅವನ ಎದುರಿಗೇ ಹೇಳಿ ಹೋಗುತ್ತಾರೆ.

ಈಗ ಅವನು ನಮ್ಮೊಂದಿಗೆ ಕುಳಿತು ಊಟ ಮಾಡುವುದಿಲ್ಲ. ಮೊನ್ನೆ ರಾತ್ರಿ ಒಂದು ಗಂಟೆಗೆ ನಾನು ಎದ್ದಾಗ ಅವನ ಕೋಣೆಯ ದೀಪ ಉರಿಯುತ್ತಿತ್ತು. ಪುಸ್ತಕದ ಮೇಲೆಯೇ ತಲೆ ಇಟ್ಟು ಮಲಗಿದ್ದ. ತೆರೆದಿದ್ದದ್ದು ಗಣಿತದ ತ್ರಿಭುಜಗಳ ಪಾಠದಲ್ಲಿರುವ ಥೇಲ್ಸ್‌ನ ಪ್ರಮೇಯದ ಪುಟ. ಮೂರು ರಾತ್ರಿಯಿಂದ ಅದೇ ಪುಟ ತೆರೆದಿರುವುದನ್ನು ನಾನು ನೋಡಿದ್ದೆ. ಪುಟದ ಅಂಚಿನಲ್ಲಿ ಪೆನ್ನಿನಿಂದ ಸುತ್ತು ಸುತ್ತಾಗಿ ಎಷ್ಟು ಗೀಚಿದ್ದನೆಂದರೆ ಕಾಗದ ತೂತಾಗಿ ಕೆಳಗಿನ ಪುಟದ ಅಕ್ಷರ ಕಾಣುತ್ತಿತ್ತು. ಎಬ್ಬಿಸಿದರೆ, "ಅವ್ವಾ, ಓದಾಕತ್ತೇನಿ" ಎಂದ.

ಧಾರವಾಡದಲ್ಲಿ ಪರೀಕ್ಷೆಯವರೆಗೆ ಇಟ್ಟುಕೊಂಡು ಓದಿಸುವ ಕೋಚಿಂಗ್ ಇದೆ ಎಂದು ಅವರ ಅಪ್ಪ ವಿಚಾರಿಸಿ ಬಂದಿದ್ದಾರೆ. ಸಾಲ ಮಾಡಿದರೆ ಹಣ ಹೊಂದುತ್ತದೆ. ಕಳಿಸಬೇಕೇ? ಕಳಿಸದಿದ್ದರೆ ಮನೆಯಲ್ಲಿ ನಾವು ಏನು ಮಾಡಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ವಿದ್ಯಾನಗರ, ಹುಬ್ಬಳ್ಳಿ · 5 ಜನವರಿ

ಅಕ್ಕಾವ್ರೇ, ಕಳಿಸಬೇಡಿರಿ. ಜನವರಿಯಲ್ಲಿ ಮಗುವನ್ನು ಶಾಲೆಯಿಂದ, ಗೆಳೆಯರಿಂದ, ತನ್ನ ಹಾಸಿಗೆಯಿಂದ ಕಿತ್ತು ಬೇರೆ ಊರಿಗೆ ಒಯ್ದರೆ ಮೊದಲ ಮೂರು ವಾರ ಹೊಂದಿಕೊಳ್ಳುವುದಕ್ಕೇ ಹೋಗುತ್ತದೆ. ನನ್ನ ದೊಡ್ಡ ಮಗಳ ವಿಷಯದಲ್ಲಿ ನಾನು ಇದನ್ನೇ ಮಾಡಿದೆ. ಅವಳು ಪ್ರತಿ ರವಿವಾರ ಫೋನ್ ಮಾಡಿ, ಅಳದೆ, ಊಟ ಆಯಿತೇ ಎಂದು ನನ್ನನ್ನೇ ಕೇಳುತ್ತಿದ್ದಳು. ಅವಳು ಅಲ್ಲಿ ಸುಖವಾಗಿದ್ದಾಳೆಂದು ನಾನು ತಿಳಿದಿದ್ದೆ. ಮಾರ್ಚ್‌ನಲ್ಲಿ ಮನೆಗೆ ಬಂದಾಗ ಅವಳ ಕೂದಲು ಹಿಡಿ ಹಿಡಿಯಾಗಿ ಉದುರುತ್ತಿತ್ತು. ಅಂಕ ಬಂದವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಅಂಕ ಮನೆಯಲ್ಲಿದ್ದರೂ ಬರುತ್ತಿದ್ದವು ಎಂದು ಅವಳ ಗಣಿತದ ಟೀಚರೇ ನನಗೆ ಹೇಳಿದರು.

ಸಪ್ತಾಪುರ, ಧಾರವಾಡ · 5 ಜನವರಿ

ಒಬ್ಬರ ಅನುಭವದಿಂದ ಎಲ್ಲರಿಗೂ ಬೇಡ ಎನ್ನುವುದು ಸರಿಯಲ್ಲ. ನಾವು ಅಣ್ಣಿಗೇರಿಯವರು, ಮಗಳ ಪಿಯುಸಿ ವಿಜ್ಞಾನದ ಓದಿಗಾಗಿ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಎರಡು ವರ್ಷ ಇಲ್ಲಿದ್ದೇವೆ. ನಾನೂ ನನ್ನ ಹೆಂಡತಿಯೂ ಏಳನೆಯ ತರಗತಿಯ ಆಚೆ ಓದಿದವರಲ್ಲ. ಮಗಳಿಗೆ ಒಂದು ಲೆಕ್ಕ ತಿಳಿಯದಿದ್ದರೆ ಕೇಳುವುದಕ್ಕೆ ನಮ್ಮ ಊರಿನಲ್ಲಿ ಮನುಷ್ಯರಿರಲಿಲ್ಲ, ಇಲ್ಲಿ ಇದ್ದಾರೆ. ಓದಿದ ತಂದೆ-ತಾಯಿಗಳು ಕೋಚಿಂಗ್ ಬೇಡ ಎನ್ನುವುದು ಸುಲಭ. ಆ ಮಾತು ನಮ್ಮಂಥವರಿಗೆ ನೋವು ಕೊಡುತ್ತದೆ.

ಶಿಗ್ಗಾವಿ · 5 ಜನವರಿ

ಮೊದಲು ಆ ಬೀಗರನ್ನು ಬಾಗಿಲಲ್ಲೇ ತಡೆಯಿರಿ.

ನಿವೃತ್ತ ಗಣಿತ ಶಿಕ್ಷಕ, ಹಾವೇರಿ · 6 ಜನವರಿ

ಸಪ್ತಾಪುರದ ಸಹೋದರರ ಮಾತಿನಲ್ಲಿ ಸತ್ಯವಿದೆ, ಆದರೆ ಎರಡು ಬೇರೆ ಸಂಗತಿಗಳು ಇಲ್ಲಿ ಕಲೆತಿವೆ. ಪಿಯುಸಿ ವಿಜ್ಞಾನ ಓದುವ ಮಗಳಿಗೆ ಎರಡು ವರ್ಷ ಸಿಇಟಿ, ನೀಟ್‌ಗಾಗಿ ಧಾರವಾಡದಲ್ಲಿ ನಿಲ್ಲುವುದು ಒಂದು; ಹತ್ತನೆಯ ತರಗತಿಯ ಹುಡುಗನನ್ನು ಕೊನೆಯ ಹತ್ತು ವಾರಕ್ಕೆ ಊರು ಬಿಡಿಸುವುದು ಇನ್ನೊಂದು. ಎಸ್ಸೆಸ್ಸೆಲ್ಸಿ ಪ್ರಶ್ನೆಗಳು ಪಠ್ಯಪುಸ್ತಕದ ಆಚೆ ಹೋಗುವುದಿಲ್ಲ. ಆಂತರಿಕ ಅಂಕಗಳನ್ನು ಕೊಡುವವರೂ ಶಾಲೆಯವರೇ.

ತಂಗಿ, ನೀವು 31 ಎಂದು ಬರೆದಿರಿ. ಜ್ವರ 102 ಇದೆ ಎಂದ ಹಾಗಾಯಿತು, ಕಾರಣ ಅದರಿಂದ ತಿಳಿಯುವುದಿಲ್ಲ. 2025ರ ಈ ಪರೀಕ್ಷೆಗೆ ಶೇಕಡಾ 35ರ ಲೆಕ್ಕದಲ್ಲಿ 80ಕ್ಕೆ 28 ಬಂದರೆ ತೇರ್ಗಡೆ. ಆದ್ದರಿಂದ ನಿಮ್ಮ ಮಗ ನಪಾಸಾದವನೂ ಅಲ್ಲ. ನಾಳೆಯೇ ಶಾಲೆಗೆ ಹೋಗಿ ಆ ಉತ್ತರ ಪತ್ರಿಕೆಯನ್ನು ಕೇಳಿ ತನ್ನಿರಿ. ಮನೆಯಲ್ಲಿ ಮಗನ ಪಕ್ಕದಲ್ಲಿ ಕುಳಿತು, ಹೋದ ಒಂದೊಂದು ಅಂಕವೂ ಯಾಕೆ ಹೋಯಿತೆಂದು ಅವನಿಂದಲೇ ಬರೆಸಿರಿ: ಗೊತ್ತಿಲ್ಲದ್ದು, ಗೊತ್ತಿದ್ದೂ ತಪ್ಪಿದ್ದು, ವೇಳೆ ಸಾಲದೆ ಬಿಟ್ಟದ್ದು. ನಿಮಗೆ ಗಣಿತ ಬರಬೇಕಾಗಿಲ್ಲ. ನೀವು ಕೂಡಿಸುವ ಲೆಕ್ಕ ಮಾಡಿದರೆ ಸಾಕು. ನಾನು ಮೂವತ್ತು ವರ್ಷ ಈ ವಿಂಗಡಣೆ ಮಾಡಿಸಿದ್ದೇನೆ, ಮೂರೂ ಗುಂಪು ಸಮ ಇದ್ದ ಮಗುವನ್ನು ನೋಡಿಲ್ಲ. ಎಲ್ಲಿ ಹೆಚ್ಚಿದೆಯೋ ಅಲ್ಲಿಗೆ ಮಾತ್ರ ಮದ್ದು.

ಈಗಿನ ಮಾದರಿಯಲ್ಲಿ ಗಣಿತದ ಪತ್ರಿಕೆಗೆ 38 ಪ್ರಶ್ನೆಗಳು. ಒಂದು ಅಂಕದವು ಹದಿನಾರು, ಎರಡು ಅಂಕದವು ಎಂಟು, ಮೂರು ಅಂಕದವು ಒಂಬತ್ತು, ನಾಲ್ಕು ಅಂಕದವು ನಾಲ್ಕು, ಐದು ಅಂಕದ್ದು ಒಂದು. ಬಹಳ ಮಕ್ಕಳು ಮೊದಲಿನ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಅರ್ಧ ಗಂಟೆ ಕಳೆದು, ನಕ್ಷೆಯ ಲೆಕ್ಕವನ್ನು, ಪ್ರಮೇಯವನ್ನು ಕೊನೆಗೆ ಓಡುತ್ತ ಬರೆಯುತ್ತಾರೆ. ಪ್ರಶ್ನೆಪತ್ರಿಕೆ ಓದಲಿಕ್ಕೆ ಕೊಡುವ ಹದಿನೈದು ನಿಮಿಷದಲ್ಲಿ ಎಲ್ಲಿಂದ ಬರೆಯಬೇಕೆಂದು ಗುರುತು ಹಾಕಿಕೊಳ್ಳುವುದನ್ನು ಮನೆಯಲ್ಲೇ ರೂಢಿ ಮಾಡಿಸಿರಿ. ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ವಾರಕ್ಕೆ ಒಂದನ್ನು, ಗಡಿಯಾರ ಇಟ್ಟು, ಬೆಳಗಿನ ಹತ್ತು ಗಂಟೆಗೇ ಬರೆಸಿರಿ.

ಸಪ್ತಾಪುರ, ಧಾರವಾಡ · 6 ಜನವರಿ

ಗುರುಗಳೇ, ಪಿಯುಸಿಯ ಮಾತು ಬೇರೆ ಎಂಬುದನ್ನು ಒಪ್ಪುತ್ತೇನೆ. ಆದರೆ ಗೊತ್ತಿಲ್ಲದ್ದು ಎಂಬ ಗುಂಪೇ ದೊಡ್ಡದಾಗಿದ್ದರೆ ಕಲಿಸುವವರು ಯಾರು? ಅದಕ್ಕೆ ಉತ್ತರ ಕೊಡಿರಿ.

ನಿವೃತ್ತ ಗಣಿತ ಶಿಕ್ಷಕ, ಹಾವೇರಿ · 6 ಜನವರಿ

ಅವನ ಶಾಲೆಯ ಶಿಕ್ಷಕರು. ಜನವರಿಯಿಂದ ಬಹುತೇಕ ಶಾಲೆಗಳಲ್ಲಿ ವಿಶೇಷ ತರಗತಿ ನಡೆಯುತ್ತವೆ. ನಮ್ಮ ಮಗನಿಗೆ ಗಣಿತ ಬರುವುದಿಲ್ಲ ಎಂದು ಪಾಲಕರು ಬಂದು ಕೂತರೆ ಶಿಕ್ಷಕ ಏನು ಮಾಡಲಾದೀತು? ಈ ಎರಡು ಪಾಠ ಇವನಿಗೆ ತಿಳಿದಿಲ್ಲ, ಮತ್ತೊಮ್ಮೆ ಹೇಳಿಕೊಡಿರಿ ಎಂದು ಬಂದ ಪಾಲಕರಿಗೆ ನಾನು ಇಲ್ಲವೆಂದದ್ದಿಲ್ಲ, ನನ್ನ ಸಹೋದ್ಯೋಗಿಗಳೂ ಎಂದದ್ದಿಲ್ಲ. ಅದೂ ಆಗದಿದ್ದರೆ ಓಣಿಯಲ್ಲೇ ಒಬ್ಬ ಡಿಗ್ರಿ ಓದುವ ಹುಡುಗ ಸಿಗುತ್ತಾನೆ.

ಬ್ಯಾಡಗಿಯ ರೈತ · 7 ಜನವರಿ

ನಾನೂ ಏಳನೆಯ ತರಗತಿಯವರೆಗೆ ಮಾತ್ರ ಓದಿದವನು, ಅದಕ್ಕಾಗಿ ಬರೆಯುತ್ತಿದ್ದೇನೆ. ಮೆಣಸಿನಕಾಯಿಯ ಸುಗ್ಗಿಗೂ ಪರೀಕ್ಷೆಗೂ ಪ್ರತಿ ವರ್ಷ ಒಂದೇ ಹೊತ್ತು. ಸೋಮವಾರ, ಗುರುವಾರ ಮಾರುಕಟ್ಟೆ ಎಂದರೆ ಹಿಂದಿನ ದಿನ ಮನೆಯವರೆಲ್ಲ ಕಣದಲ್ಲಿ ಇರಬೇಕು. ಹೋದ ವರ್ಷ ಮಗಳು ಹತ್ತನೆಯ ತರಗತಿಯಲ್ಲಿದ್ದಳು. ಅವಳನ್ನು ಕಣಕ್ಕೆ ಕರೆಯುವುದಿಲ್ಲ ಎಂದು ನಾನೂ ನನ್ನ ಹೆಂಡತಿಯೂ ಯುಗಾದಿಯವರೆಗೆ ಮಾತು ಮಾಡಿಕೊಂಡೆವು, ಅದನ್ನು ಅವಳ ಮುಂದೆ ಒಮ್ಮೆಯೂ ಎತ್ತಿ ಆಡಲಿಲ್ಲ. ನಿನಗಾಗಿ ಇಷ್ಟು ಬಿಟ್ಟೆವು ಎಂದು ಹೇಳಿದರೆ ಮಗುವಿನ ತಲೆಯ ಮೇಲೆ ಚೀಲ ಹೊರಿಸಿದಂತೆ. ಮದುವೆಗೆ ಹೋಗದೆ ಉಳಿದ ತಾಯಿಯವರು ಇದನ್ನು ಸಿಟ್ಟಿನ ಮಾತೆಂದು ತಿಳಿಯಬಾರದು.

ಬೆಳಿಗ್ಗೆ ಐದಕ್ಕೆ ಎದ್ದು ಅವಳು ನನ್ನ ಎದುರಿಗೆ ಕುಳಿತುಕೊಳ್ಳುತ್ತಿದ್ದಳು. ನಾನು ಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಹಿಂದಿನ ದಿನ ಓದಿದ್ದನ್ನು ಅವಳು ನನಗೆ ಕಥೆಯಂತೆ ಹೇಳಬೇಕು, ಪುಸ್ತಕ ಮುಚ್ಚಿರಬೇಕು. 1824ರಲ್ಲಿ ಕಿತ್ತೂರಿನಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತನೆಂದಳು. ಯಾಕೆ ಬಂದಿದ್ದ ಅವನು ಎಂದೆ. ದತ್ತುಪುತ್ರನಿಗೆ ಹಕ್ಕಿಲ್ಲ ಎಂದರು ಎಂದಳು. ಅದು ಯಾರ ಕಾಯಿದೆ, ಅವರು ಹೇಳಿದರೆ ನಮ್ಮವರು ಯಾಕೆ ಕೇಳಬೇಕಿತ್ತು ಎಂದೆ. ಅವಳಿಗೆ ತಿಳಿಯಲಿಲ್ಲ, ಪುಸ್ತಕ ತೆಗೆದು ಹುಡುಕಿ ಹೇಳಿದಳು. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ಪಾಠ ಹೇಳುವಾಗ ಅವಳ ದನಿ ನಿಂತಿತು, ನನ್ನ ಕೈಯೂ ನಿಂತಿತು. ನನಗೆ ತಿಳಿಯಲಿ ಎಂದು ಹೇಳುತ್ತ ಹೇಳುತ್ತ ಅವಳಿಗೇ ತಿಳಿಯಿತು. ಸಮಾಜ ವಿಜ್ಞಾನದ ಪರೀಕ್ಷೆಗೆ ಅವಳು ಹೆದರಲಿಲ್ಲ.

ವಿದ್ಯಾನಗರ, ಹುಬ್ಬಳ್ಳಿ · 7 ಜನವರಿ

ಬ್ಯಾಡಗಿಯ ಅಣ್ಣಾವ್ರೇ, ನಿಮ್ಮ ಬರಹವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಸಣ್ಣ ಮಗ ಈಗ ಒಂಬತ್ತರಲ್ಲಿದ್ದಾನೆ. ಬರುವ ವರ್ಷ ಇದನ್ನೇ ಮಾಡುತ್ತೇವೆ.

ಹೆಸರು ಬೇಡ, ಹಾವೇರಿ ಜಿಲ್ಲೆ · 7 ಜನವರಿ

ಎಲ್ಲ ಸರಿ. ಪರೀಕ್ಷಾ ಕೇಂದ್ರದಲ್ಲಿ ಪರಿಚಯದವರಿದ್ದರೆ ಗಣಿತದ ದಿನ ಸ್ವಲ್ಪ ಅನುಕೂಲ ಆಗುತ್ತದೆ ಎನ್ನುತ್ತಾರೆ, ಅದನ್ನು ಯಾಕೆ ಯಾರೂ ಹೇಳುವುದಿಲ್ಲ?

ನಿವೃತ್ತ ಗಣಿತ ಶಿಕ್ಷಕ, ಹಾವೇರಿ · 7 ಜನವರಿ

ಯಾಕೆಂದರೆ ಅದು ಮಗುವಿಗೆ ಮಾಡುವ ದ್ರೋಹ. 2024ರಿಂದ ಕೋಣೆ ಕೋಣೆಗೂ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡುತ್ತಿದ್ದಾರೆ. 2023ರಲ್ಲಿ ಶೇಕಡಾ 83.89 ಇದ್ದ ಫಲಿತಾಂಶ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ, 73.40ಕ್ಕೆ ಇಳಿಯಿತು. ಯಾರಾದರೂ ಹೇಳಿಕೊಡುತ್ತಾರೆಂದು ನಂಬಿ ಕುಳಿತ ಎಷ್ಟೋ ಮಕ್ಕಳು ಮೂರು ಗಂಟೆ ಖಾಲಿ ಹಾಳೆ ನೋಡುತ್ತ ಕುಳಿತಿದ್ದರು. ಹಾಗೆ ನಂಬಿಸಿದವರು ದೊಡ್ಡವರು. ದಯವಿಟ್ಟು ಈ ಮಾತನ್ನು ಮನೆಯಲ್ಲಿ ಆಡಬೇಡಿರಿ.

ಪಿಯುಸಿ ವಿದ್ಯಾರ್ಥಿನಿ, ರಾಣೆಬೆನ್ನೂರು · 8 ಜನವರಿ

ನಾನು ಹೋದ ವರ್ಷ ಪರೀಕ್ಷೆ ಬರೆದವಳು. ದೊಡ್ಡವರ ನಡುವೆ ಮಾತನಾಡುತ್ತಿದ್ದೇನೆ, ಕ್ಷಮಿಸಿರಿ. 2025ರ ಈ ವರ್ಷವೂ ಮೂರು ಪರೀಕ್ಷೆಗಳಿವೆ ಎಂಬುದನ್ನು ಯಾರೂ ಇನ್ನೂ ಹೇಳಿಲ್ಲ. ಮೊದಲನೆಯದರಲ್ಲಿ ಪಾಸಾದವರೂ ಅಂಕ ಕಡಿಮೆ ಎನಿಸಿದರೆ ಎರಡನೆಯದನ್ನು, ಮೂರನೆಯದನ್ನು ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದೇ ಉಳಿಯುತ್ತದೆ. ಇದನ್ನು ತಮ್ಮನಿಗೆ ಹೇಳಿರಿ.

ಕೇಶ್ವಾಪುರದ ತಂದೆ · 8 ಜನವರಿ

ಹೇಳಬಾರದು ತಂಗೀ. ಹೇಳಿದರೆ ಮೊದಲನೆಯದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ನನ್ನ ಅಣ್ಣನ ಮಗ ಹಾಗೆಯೇ ಮಾಡಿದ. ಎರಡನೆಯದು ಹೋದ ವರ್ಷ ಜೂನ್‌ನಲ್ಲಿ ಬಂತು, ಅಷ್ಟೊತ್ತಿಗೆ ಗೆಳೆಯರೆಲ್ಲ ಕಾಲೇಜು ಸೇರಿದ್ದರು.

ಪಿಯುಸಿ ವಿದ್ಯಾರ್ಥಿನಿ, ರಾಣೆಬೆನ್ನೂರು · 8 ಜನವರಿ

ಕಾಕಾ, ಹಗುರವಾಗಿ ತೆಗೆದುಕೊಳ್ಳುವವರೂ ಇದ್ದಾರೆ, ನಿಜ. ರಾತ್ರಿ ಒಂದು ಗಂಟೆಗೆ ಪುಸ್ತಕದ ಮೇಲೆ ಮಲಗುವವರು ಅಂಥವರಲ್ಲ. ವಿಜ್ಞಾನದ ಪರೀಕ್ಷೆಯ ಹಿಂದಿನ ರಾತ್ರಿ ನನಗೆ ಓದಿದ್ದೆಲ್ಲ ಮರೆತ ಹಾಗಾಯಿತು, ಹೃದಯದ ಚಿತ್ರದಲ್ಲಿ ಎಡ ಯಾವುದು ಬಲ ಯಾವುದು ಎನ್ನುವುದೂ ಹೊಳೆಯಲಿಲ್ಲ. ಅಪ್ಪ ಬಂದು ಪುಸ್ತಕ ಮುಚ್ಚಿ, "ಇದು ಆಗದಿದ್ದರ ಜೂನ್‌ದಾಗ ಐತಿ, ಈಗ ಮಲಕೋ" ಎಂದರು. ಆ ಮಾತಿಗೆ ನನಗೆ ನಿದ್ದೆ ಬಂತು. ಬೆಳಿಗ್ಗೆ ಎಲ್ಲವೂ ನೆನಪಿತ್ತು. ಜೂನ್‌ಗೆ ನಾನು ಬರೆಯಬೇಕಾಗಲೇ ಇಲ್ಲ.

ಇನ್ನೊಂದು ಮಾತು. ಪರೀಕ್ಷೆ ಬರೆದು ಹೊರಗೆ ಬಂದ ಕೂಡಲೆ ಎಷ್ಟು ಬರುತ್ತವೆ ಎಂದು ಕೇಳಬೇಡಿರಿ. ನನ್ನ ಗೆಳತಿಯ ತಾಯಿ ಗೇಟಿನಲ್ಲೇ ಪ್ರಶ್ನೆಪತ್ರಿಕೆ ಕಸಿದು ಒಂದೊಂದೇ ಉತ್ತರ ಕೇಳುತ್ತಿದ್ದರು. ಮೂರನೆಯ ವಿಷಯದ ಪರೀಕ್ಷೆಯ ದಿನ ಅವಳು ಹೊರಗೆ ಬರುವುದಕ್ಕೇ ಹೆದರಿ, ಎಲ್ಲರೂ ಹೋದ ಮೇಲೂ ನಳದ ಹತ್ತಿರ ನಿಂತಿದ್ದಳು.

ಕೇಶ್ವಾಪುರದ ತಂದೆ · 8 ಜನವರಿ

ನಿನ್ನ ಅಪ್ಪ ಸರಿಯಾದ ಹೊತ್ತಿಗೆ ಹೇಳಿದ್ದಾರೆ ತಂಗೀ. ನನ್ನ ಮಾತನ್ನು ಅಷ್ಟರಮಟ್ಟಿಗೆ ಹಿಂದೆ ತೆಗೆದುಕೊಳ್ಳುತ್ತೇನೆ.

ಹಳೇ ಹುಬ್ಬಳ್ಳಿ · 9 ಜನವರಿ

ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ. ಈ ವರ್ಷ ಹೋಳಿ ಮಾರ್ಚ್ 14ಕ್ಕೆ, ಅದರ ಬೆನ್ನಿಗೆ ನಮ್ಮ ರಂಗಪಂಚಮಿ, 21ಕ್ಕೆ ಮೊದಲ ಭಾಷೆಯ ಪರೀಕ್ಷೆ. ಓಣಿಯಲ್ಲಿ ಹಲಗಿ ವಾದ್ಯದ ಬಡಿತ ಶುರುವಾದರೆ ರಾತ್ರಿ ಹನ್ನೊಂದರವರೆಗೆ ಪುಸ್ತಕ ಹಿಡಿಯಲಾಗುವುದಿಲ್ಲ. ಹಬ್ಬ ನಿಲ್ಲಿಸಿರಿ ಎನ್ನುವವನು ನಾನಲ್ಲ. ಹಲಗಿಯಿಲ್ಲದ ಹುಬ್ಬಳ್ಳಿ ನನಗೂ ಬೇಡ. ದೊಡ್ಡ ಮಗನ ವರ್ಷದಲ್ಲಿ ನಾನು ಅವನನ್ನು ಕೋಣೆಯಲ್ಲಿ ಕೂಡಿಸಿ ಕಿಟಕಿ ಮುಚ್ಚಿದೆ. ಅವನ ಕಣ್ಣು ಪುಸ್ತಕದಲ್ಲಿತ್ತು, ಬೆರಳು ಮೇಜಿನ ಮೇಲೆ ಹಲಗಿ ಬಡಿಯುತ್ತಿತ್ತು. ಎರಡನೆಯ ಮಗನಿಗೆ ದಿನಕ್ಕೆ ಒಂದು ಗಂಟೆ ಬಾರಿಸಿ ಬಾ ಎಂದು ಬಿಟ್ಟೆ, ಬಣ್ಣದ ದಿನದ ಮರುದಿನದಿಂದ ನವನಗರದ ಅತ್ತೆಯ ಮನೆಗೆ ಓದಲು ಕಳಿಸಿದೆ. ಅವನೇ ಹೆಚ್ಚು ಓದಿದ. ಕ್ರಿಕೆಟ್ ಬಂದ್ ಮಾಡಿದ ತಂದೆಯವರಿಗೆ ಇದನ್ನು ತೋರಿಸಿರಿ.

ನರ್ಸ್, ಧಾರವಾಡ · 9 ಜನವರಿ

ಅಂಕದ ಮಾತು ಬಹಳ ಆಯಿತು. ಊಟಕ್ಕೆ ಬರುವುದಿಲ್ಲ, ರಾತ್ರಿ ಒಂದರವರೆಗೆ ಎಚ್ಚರ, ಕಾಗದ ಹರಿಯುವಂತೆ ಗೀಚುತ್ತಾನೆ ಎಂದು ತಾಯಿಯವರು ಬರೆದಿದ್ದಾರೆ. ನನ್ನ ಕಣ್ಣು ಅಲ್ಲೇ ನಿಂತಿದೆ. ಇದು ಎರಡು ವಾರಕ್ಕೂ ಮೀರಿ ನಡೆದಿದ್ದರೆ ಹಟ ಎಂದೋ ಸೋಮಾರಿತನ ಎಂದೋ ತಿಳಿಯಬಾರದು. ಒಬ್ಬನೇ ಇದ್ದಾಗ ಹತ್ತಿರ ಕುಳಿತು, ಬದುಕುವುದೇ ಬೇಡ ಎನಿಸುತ್ತದೆಯೇನೋ ಮಗಾ ಎಂದು ನೇರವಾಗಿ ಕೇಳಿರಿ. ಕೇಳಿದರೆ ಆ ವಿಚಾರ ಹುಟ್ಟುತ್ತದೆ ಎಂದು ಜನ ಹೆದರುತ್ತಾರೆ, ಹಾಗೇನೂ ಆಗುವುದಿಲ್ಲ. ಕೇಳುವವರಿದ್ದಾರೆ ಎಂದು ತಿಳಿದರೆ ಮಗುವಿನ ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಅವನನ್ನು ಒಬ್ಬನೇ ಬಿಡಬೇಡಿರಿ, ಅಂದೇ ವೈದ್ಯರಿಗೆ ತೋರಿಸಿರಿ. ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ 2022ರಿಂದ ಇದೆ, ಸಂಖ್ಯೆ 14416. ಹಗಲೂ ರಾತ್ರಿಯೂ ಉಚಿತವಾಗಿ ಕನ್ನಡದಲ್ಲೇ ಮಾತನಾಡುತ್ತಾರೆ, ಪಾಲಕರೂ ಕರೆ ಮಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಅಲ್ಲಿಗೆ ಹೋದರೆ ಜನ ಏನೆಂದಾರು ಎಂದು ತಡ ಮಾಡಬೇಡಿರಿ.

ನಿದ್ದೆಯ ಬಗ್ಗೆಯೂ ಗಟ್ಟಿಯಾಗಿ ಹೇಳುತ್ತೇನೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಈ ವಯಸ್ಸಿಗೆ ಎಂಟು ಗಂಟೆ ಬೇಕು. ರಾತ್ರಿ ಹತ್ತೂವರೆಗೆ ದೀಪ ಆರಿಸುವ ಕೆಲಸವನ್ನು ಅಪ್ಪ ಮಾಡಲಿ, ಆಗ ಮಲಗಿದ್ದಕ್ಕೆ ಮಗ ತನ್ನನ್ನು ತಾನು ಬೈದುಕೊಳ್ಳುವುದಿಲ್ಲ.

ಬೆಟಗೇರಿಯ ತಾಯಿ · 19 ಜನವರಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ನರ್ಸ್ ಅಕ್ಕಾವ್ರು ಬರೆದದ್ದನ್ನು ಓದಿದ ರಾತ್ರಿಯೇ ಮಗನನ್ನು ಕೇಳಿದೆ. ನನ್ನ ಕೈ ನಡುಗುತ್ತಿತ್ತು. "ಸಾಯೂ ವಿಚಾರ ಇಲ್ಲವ್ವಾ, ಆದರ ನೀವಿಬ್ರೂ ನನ್ನ ಮುಖಾ ನೋಡಿದಾಗೊಮ್ಮೆ 31 ಕಾಣತೈತಿ ಅನಸ್ತೈತಿ" ಎಂದ. ಆಮೇಲೆ ಬಹಳ ಹೊತ್ತು ಅತ್ತ. ಅವರ ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಆದರೂ ಒಂದು ಸಲ 14416ಕ್ಕೆ ಕರೆ ಮಾಡಿ ಮೂವರೂ ಮಾತನಾಡಿದೆವು.

ಶಾಲೆಯಿಂದ ಉತ್ತರ ಪತ್ರಿಕೆ ತಂದೆ. ಗುರುಗಳು ಹೇಳಿದಂತೆ ಅವನೇ ಮೂರು ಗುಂಪು ಮಾಡಿದ, ನಾನು ಕೂಡಿಸಿದೆ. ಹೋದ 49 ಅಂಕಗಳಲ್ಲಿ ಗೊತ್ತಿಲ್ಲದೆ ಹೋದವು 22. ಋಣ ಚಿಹ್ನೆ ಬಿಟ್ಟದ್ದು, ಪ್ರಶ್ನೆಯಲ್ಲಿದ್ದ ಸಂಖ್ಯೆಯನ್ನು ತಪ್ಪಾಗಿ ಇಳಿಸಿಕೊಂಡದ್ದು, ಇಂಥವುಗಳಿಂದ 12. ಬರುತ್ತಿದ್ದರೂ ವೇಳೆ ಸಾಲದೆ ಮುಟ್ಟದೇ ಬಿಟ್ಟವು 15. ಎರಡನ್ನೂ ಕೂಡಿಸಿ, "27 ಬರೂವು ಇದ್ವಲ್ಲವ್ವಾ, ಹಂಗಾರ ನಾ ದಡ್ಡ ಅಲ್ಲ" ಎಂದು ಅವನೇ ಹೇಳಿದ. ನಾಲ್ಕು ತಿಂಗಳ ಮೇಲೆ ಅವನ ಮುಖದಲ್ಲಿ ಆ ಬೆಳಕು ಕಂಡೆ. ಗೊತ್ತಿಲ್ಲದ 22ರಲ್ಲಿ ಬಹುಪಾಲು ತ್ರಿಭುಜಗಳ ಪಾಠದ್ದು. ಅವನ ಗಣಿತದ ಸರ್ ಸಂಜೆ ಅರ್ಧ ಗಂಟೆ ಉಳಿದು ಮತ್ತೆ ಹೇಳಿಕೊಡುತ್ತಿದ್ದಾರೆ.

ಧಾರವಾಡಕ್ಕೆ ಕಳಿಸುವುದಿಲ್ಲವೆಂದು ನಿರ್ಧರಿಸಿದೆವು. ಕಪಾಟಿನ ಕೀಲಿ ತೆಗೆದಿದ್ದೇವೆ, ರಾತ್ರಿ ಒಂಬತ್ತರ ಮೇಲೆ ನಮ್ಮ ಮೂವರ ಮೊಬೈಲೂ ಅದರಲ್ಲೇ ಇರುತ್ತವೆ. ಸಂಜೆ ಐದರಿಂದ ಆರು ಕ್ರಿಕೆಟ್. ರವಿವಾರ ಮಾದರಿ ಪತ್ರಿಕೆ ಬರೆದಾದ ಮೇಲೆ ಅಪ್ಪ-ಮಗ ಹೋಗಿ ಗಿರ್ಮಿಟ್, ಮಿರ್ಚಿ ತಿಂದು ಬರುತ್ತಾರೆ, ಆ ಹೊತ್ತಿನಲ್ಲಿ ಅಂಕದ ಮಾತಿಲ್ಲ.

ನಿನ್ನೆ ರಾತ್ರಿ ನಾನು ರೊಟ್ಟಿ ಬಡಿಯುವಾಗ ಬಂದು ಕುಳಿತ. ಬ್ಯಾಡಗಿಯ ಅಣ್ಣಾವ್ರಂತೆ, ನನಗೂ ಹೇಳೋ ಎಂದೆ. ಪರಾತದ ಹಿಟ್ಟಿನ ಮೇಲೆ ಬೆರಳಿನಿಂದ ತ್ರಿಭುಜ ಎಳೆದು, ನಡುವೆ ಒಂದು ಗೆರೆ ಎಳೆದು, ಎರಡೂ ಬಾಹುಗಳು ಒಂದೇ ಪ್ರಮಾಣದಲ್ಲಿ ಭಾಗವಾಗುತ್ತವೆ ಎಂದ. ಯಾಕೆ ಎಂದೆ. ಎರಡು ರೊಟ್ಟಿ ಬೇಯುವವರೆಗೆ ಹೇಳಿದ, ನನಗೂ ತಿಳಿಯಿತು.

ನಿವೃತ್ತ ಗಣಿತ ಶಿಕ್ಷಕ, ಹಾವೇರಿ · 19 ಜನವರಿ

ತಂಗಿ, ಓದಿ ಬಹಳ ಸಂತೋಷವಾಯಿತು. ಒಂದನ್ನು ಮಾತ್ರ ಅವನಿಗೆ ಹೇಳಿರಿ. ನಡುವೆ ಎಳೆದ ಗೆರೆ ಮೂರನೆಯ ಬಾಹುವಿಗೆ ಸಮಾಂತರವಾಗಿದೆ ಎಂಬುದನ್ನು ದತ್ತದಲ್ಲಿ, ಅಂದರೆ ಕೊಟ್ಟ ಸಂಗತಿಗಳ ಸಾಲಿನಲ್ಲಿ, ಬರೆಯಲೇಬೇಕು. ಹಿಟ್ಟಿನ ಮೇಲೆ ಅದು ಕಣ್ಣಿಗೆ ಕಾಣುತ್ತದೆ, ಉತ್ತರ ಪತ್ರಿಕೆಯಲ್ಲಿ ಬರೆದರೆ ಮಾತ್ರ ಅಂಕ.

ಬೆಟಗೇರಿಯ ತಾಯಿ · 19 ಜನವರಿ

ಹೇಳಿದೆ ಗುರುಗಳೇ. ಬರೆದಿದ್ದಾನಂತೆ, ವಹಿ ತಂದು ತೋರಿಸಿದ.